ಕಾಲರ್ ಮೈಕು ಹಾಕಿಕೊಂಡ ಶಿಷ್ಯ

ನಮ್ಮ ಯಜಮಾನರು ಯೇಸುವಿನ ಶಿಷ್ಯರಾದದ್ದು ಕಾರ್ಖಾನೆಯಿಂದ ನಿವೃತ್ತರಾದ ಮೇಲೆ. ಅದಕ್ಕೂ ಮುಂಚೆ ಅವರು ಕ್ರೈಸ್ತರಾಗಿರಲಿಲ್ಲವೆಂದಲ್ಲ. ಕಂಟೋನ್ಮೆಂಟಿನ ನಮ್ಮ ಹಳೆಯ ಕಲ್ಲಿನ ದೇವಾಲಯದಲ್ಲೇ ಅವರಿಗೆ ದೀಕ್ಷಾಸ್ನಾನವಾಗಿತ್ತು, ಅಲ್ಲೇ ನಮ್ಮ ಮದುವೆಯಾಗಿತ್ತು, ಭಾನುವಾರದ ಆರಾಧನೆ ತಪ್ಪಿಸಿದವರಲ್ಲ. ಆದರೆ ಕ್ರೈಸ್ತರಾಗಿರುವುದು ಬೇರೆ, ಶಿಷ್ಯರಾಗುವುದು ಬೇರೆ ಎಂದು ನಮಗೆಲ್ಲ ತಿಳಿಸಿಕೊಟ್ಟವರು ಹೊಸದಾಗಿ ವರ್ಗವಾಗಿ ಬಂದ ಅಯ್ಯನವರು. ಅಯ್ಯನವರೆಂದರೆ ನಮ್ಮ ಸಭಾಪಾಲಕರು. ಅವರು ಬರುವಾಗಲೇ ಒಂದು ಲ್ಯಾಪ್‌ಟಾಪನ್ನೂ ‘ಶಿಷ್ಯತ್ವ ತರಬೇತಿ’ ಎಂಬ ಒಂದು ಕೋರ್ಸನ್ನೂ ಜೊತೆಗೆ ತಂದಿದ್ದರು. ಮೊದಲ ಭಾನುವಾರವೇ ವೇದಿಕೆಯ ಪಕ್ಕ ಬಿಳಿ ಪರದೆ ಇಳಿಬಿಟ್ಟು ಒಂದರ ಸುತ್ತ ಒಂದರಂತೆ ಮೂರು ವೃತ್ತಗಳನ್ನು ತೋರಿಸಿದರು. ಒಳಗಿನದು ವೈಯಕ್ತಿಕ ಜೀವನ, ನಡುವಿನದು ಕುಟುಂಬ ಜೀವನ, ಹೊರಗಿನದು ಸಭಾ ಜೀವನ. ಮೊದಲು ಒಳಗಿನ ವೃತ್ತ ಸರಿಹೋಗಬೇಕು, ಆಮೇಲೆ ಉಳಿದದ್ದು ಎಂದರು.

ನಮ್ಮವರು ಒಳಗಿನ ವೃತ್ತವನ್ನು ಒಂದೇ ವಾರದಲ್ಲಿ ಮುಗಿಸಿದರು. ಪೇಪರ್ ಬಿಡಿಸುವ ಮೊದಲು ಬೈಬಲ್ ಓದುವುದು, ಸಂಜೆಯ ಎರಡನೇ ಟೀ ಬಿಡುವುದು, ಅಷ್ಟೆ. ತಮ್ಮಲ್ಲಿ ತಿದ್ದುವಂಥದ್ದು ಬೇರೇನೂ ಅವರ ಕಣ್ಣಿಗೆ ಬೀಳಲಿಲ್ಲ. ನೇರವಾಗಿ ಎರಡನೇ ವೃತ್ತದ ಮೇಲೆ, ಅಂದರೆ ನಮ್ಮ ಮೇಲೆ, ಬಂದುಬಿದ್ದರು.

ಅವರು ಕಾರ್ಖಾನೆಯಲ್ಲಿ ಸುರಕ್ಷತಾ ವಿಭಾಗದ ಸೂಪರ್‌ವೈಸರ್ ಆಗಿದ್ದವರು. ಶಿಫ್ಟಿಗೆ ಬಂದವರೆಲ್ಲ ಹೆಲ್ಮೆಟ್ ಹಾಕಿದ್ದಾರೋ ಇಲ್ಲವೋ ಎಂದು ನೋಡುತ್ತ ತಿರುಗಿದ ಮನುಷ್ಯನಿಗೆ ನಿವೃತ್ತಿಯಾದ ಮೇಲೆ ನೋಡಲು ಯಾರೂ ಉಳಿದಿರಲಿಲ್ಲ. ರಾಮಮೂರ್ತಿ ನಗರದ ನಮ್ಮ ಮನೆಯಲ್ಲಿ ಸಿಕ್ಕಿದ್ದು ಮೂವರು ಹೆಂಗಸರು. ಇಂದಿರಾನಗರದ ಒಂದು ವಿಮಾ ಕಚೇರಿಗೆ ಹೋಗಿಬರುವ ನಾನು, ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮಗಳು, ಮತ್ತು ಎಂಬತ್ತು ದಾಟಿದ ನಮ್ಮ ಅತ್ತೆ. ಬೆಳಗಿನ ಐದೂವರೆಗೆ ಕುಟುಂಬ ಪ್ರಾರ್ಥನೆ ಎಂದು ಆಜ್ಞೆಯಾಯಿತು.

"ಅಪ್ಪ, ಯೇಸುಸ್ವಾಮಿ ಶಿಷ್ಯರು ಕೂಡ ಗೆತ್ಸೇಮನೆ ತೋಟದಲ್ಲಿ ನಿದ್ದೆ ಮಾಡಿದ್ರು" ಎಂದಳು ಮಗಳು ದುಪ್ಪಟಿಯೊಳಗಿಂದಲೇ.

"ಅದಕ್ಕೇ ಬೈಸ್ಕೊಂಡ್ರು. ಏಳು!"

ಅಡುಗೆಮನೆಯಲ್ಲಿ ಕುಕ್ಕರ್ ಇಡುವ ಹೊತ್ತಿಗೆ ನಾನು ಹಾಲಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಒಬ್ಬರು ಒಂದು ಅಧ್ಯಾಯ ಓದಬೇಕು, ಅದರಿಂದ ಏನು ಕಲಿತೆವೆಂದು ಹೇಳಬೇಕು, ಆಮೇಲೆ ಪ್ರತಿಯೊಬ್ಬರೂ ಎರಡು ನಿಮಿಷ ಪ್ರಾರ್ಥಿಸಬೇಕು. ಮೊದಲ ದಿನ ಅತ್ತೆಯ ಪ್ರಾರ್ಥನೆ ಹಾಲು ಉಕ್ಕಿ ಒಲೆಯೆಲ್ಲ ಹರಿಯುವವರೆಗೂ ನಡೆದಿದ್ದರಿಂದ ಈ ಎರಡು ನಿಮಿಷದ ಕಾನೂನು ಬಂದದ್ದು. ಮಗಳು ಅಪ್ಪನ ಫೋನಿನಲ್ಲಿ ಟೈಮರ್ ಇಟ್ಟುಕೊಟ್ಟಳು. ಅದಕ್ಕೆ ಬಾತುಕೋಳಿಯ ಕೂಗನ್ನೇ ಏಕೆ ಆರಿಸಿದಳೋ ಅವಳಿಗೇ ಗೊತ್ತು. ಬದಲಾಯಿಸಲು ಅವರಿಗೆ ಬರಲಿಲ್ಲ, ಬದಲಾಯಿಸಿಕೊಡು ಎಂದು ಕೇಳಲು ಬಿಗುಮಾನ.

ನಮ್ಮ ಅತ್ತೆ ಪ್ರಾರ್ಥನೆ ಶುರುಮಾಡುವುದು ಪ್ರಧಾನಮಂತ್ರಿಯಿಂದ. ಅಲ್ಲಿಂದ ಗಡಿಯಲ್ಲಿರುವ ಸೈನಿಕರು, ತಾವು ಹುಟ್ಟಿದ ಮಿಷನ್ ಆಸ್ಪತ್ರೆಯ ನರ್ಸುಗಳು, ತೀರಿಹೋದ ಹಿಂದಿನ ಅಯ್ಯನವರ ಹೆಂಡತಿ, ನೀರಿನ ಟ್ಯಾಂಕರಿನ ಡ್ರೈವರು, ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಬಸುರಿ ಹೆಂಗಸು, ಹೀಗೆ ಊರನ್ನೆಲ್ಲ ಸುತ್ತಿ ಕೊನೆಗೆ ಮನೆಗೆ ಬರುವ ಅಭ್ಯಾಸ. ಎರಡು ನಿಮಿಷದಲ್ಲಿ ಟ್ಯಾಂಕರಿನವನ ತನಕ ಬರುವುದೇ ಕಷ್ಟ. ಬಾತುಕೋಳಿ ಕೂಗುತ್ತಿತ್ತು, ಮಗ ಗಟ್ಟಿಯಾಗಿ "ಆಮೆನ್" ಎನ್ನುತ್ತಿದ್ದರು.

"ಇನ್ನೂ ಹಲಸೂರಿಗೆ ಬಂದಿಲ್ಲ ಕಣೋ" ಎನ್ನುತ್ತಿದ್ದರು ಅತ್ತೆ.

"ನಾಳೆ ಮುಂದುವರಿಸಮ್ಮ."

ಮರುದಿನ ಅತ್ತೆ ಮತ್ತೆ ಪ್ರಧಾನಮಂತ್ರಿಯಿಂದಲೇ ಶುರುಮಾಡುತ್ತಿದ್ದರು.

ಹಲಸೂರಿನಲ್ಲಿರುವುದು ಅತ್ತೆಯ ಎರಡನೇ ಮಗ, ನನ್ನ ಮೈದುನ. ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದವು. ಅವರಿಬ್ಬರ ನಡುವೆ ಆಸ್ತಿಯ ಜಗಳವಿಲ್ಲ, ಮದುವೆಮನೆಯಲ್ಲಿ ಮರ್ಯಾದೆ ಕಡಿಮೆಯಾಯಿತೆಂಬ ಜಗಳವೂ ಇಲ್ಲ. ಜಗಳ ದೇವಾಲಯದ ಕಮಿಟಿ ಎಲೆಕ್ಷನ್ನಿನದು. ಕಂಟೋನ್ಮೆಂಟಿನ ಸಭೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಕಾರ್ಪೊರೇಷನ್ ಚುನಾವಣೆ ನೋಡಿದವರು ನಮ್ಮ ಕಮಿಟಿ ಎಲೆಕ್ಷನ್ ನೋಡಿದರೆ ಕಾರ್ಪೊರೇಷನ್ನಿನವರು ಸಾಧುಗಳು ಎನ್ನುತ್ತಾರೆ. ಒಂದೇ ಸ್ಥಾನಕ್ಕೆ ಅಣ್ಣನೂ ನಿಂತರು, ತಮ್ಮನೂ ನಿಂತ. ಇಬ್ಬರ ಪಾಂಪ್ಲೆಟ್ಟಿನಲ್ಲೂ ‘ನಿಮ್ಮ ವಿನಮ್ರ ಸೇವಕ’ ಎಂದೇ ಇತ್ತು, ಒಂದೇ ಅಂಗಡಿಯಲ್ಲಿ ಅಚ್ಚು ಹಾಕಿಸಿದ್ದರಿಂದ ಫಾಂಟೂ ಅದೇ. ದೀಕ್ಷಾಸ್ನಾನವಾದ ಮೇಲೆ ದೇವಾಲಯದ ಮುಖವನ್ನೇ ನೋಡದಿದ್ದವರನ್ನು ಕೆ.ಆರ್. ಪುರದಿಂದ ವ್ಯಾನಿನಲ್ಲಿ ಕರೆತಂದು ವೋಟು ಹಾಕಿಸಿದನೆಂದು ಅಣ್ಣ ತಮ್ಮನ ಮೇಲೆ ಹೇಳಿದರು. ಆ ವ್ಯಾನು ಅಣ್ಣನದೇ ಎಂದು ತಮ್ಮ ಹೇಳಿದ. ಅಣ್ಣ ಗೆದ್ದರು. ತಮ್ಮ ಕನ್ನಡ ಆರಾಧನೆ ಬಿಟ್ಟು ಬೆಳಗಿನ ಇಂಗ್ಲಿಷ್ ಆರಾಧನೆಗೆ ಹೋಗತೊಡಗಿದ. ಅವನಿಗೆ ಇಂಗ್ಲಿಷ್ ಪ್ರಸಂಗ, ಅಂದರೆ ಉಪದೇಶ, ಅರ್ಧ ಅರ್ಥವಾಗುವುದಿಲ್ಲ. ಅಣ್ಣನ ಮುಖ ನೋಡುವುದಕ್ಕಿಂತ ಅದೇ ಮೇಲು ಎಂದು ಕೂತಿದ್ದ. ಒಂದೇ ಬಾಗಿಲಿನಿಂದ ಅವರು ಹೊರಗೆ ಬರುವಾಗ ನಾವು ಒಳಗೆ ಹೋಗುತ್ತಿದ್ದೆವು. ನನ್ನ ಓರಗಿತ್ತಿ ಗಂಡನ ಬೆನ್ನ ಹಿಂದಿನಿಂದ ನನಗೆ ಒಂದು ನಗೆ ಕೊಡುತ್ತಿದ್ದಳು, ನಾನೂ ಕೊಡುತ್ತಿದ್ದೆ. ನಮ್ಮಿಬ್ಬರ ಸಂಬಂಧ ಅಷ್ಟಕ್ಕೇ ನಿಂತಿತ್ತು. ಕ್ರಿಸ್‌ಮಸ್ಸಿನಿಂದ ಈಚೆಗೆ ಅದೂ ಇಲ್ಲ, ಅವರು ಆ ಬಾಗಿಲಲ್ಲಿ ಕಾಣುತ್ತಲೇ ಇರಲಿಲ್ಲ.

ತರಬೇತಿಯಲ್ಲಿ ಚುರುಕಾಗಿದ್ದರೆಂದು ನಮ್ಮವರನ್ನು ಅಯ್ಯನವರು ಮನೆಕೂಟದ ನಾಯಕರನ್ನಾಗಿ ಮಾಡಿದರು. ಶುಕ್ರವಾರ ಸಂಜೆ ನಮ್ಮ ಕಡೆಯ ಐದಾರು ಕುಟುಂಬಗಳು ನಮ್ಮ ಹಾಲಿನಲ್ಲಿ ಸೇರುತ್ತಿದ್ದವು. ಕೀರ್ತನೆ, ಪಾಠ, ಪ್ರಾರ್ಥನೆ, ಕೊನೆಯಲ್ಲಿ ನನ್ನ ಉಪ್ಪಿಟ್ಟು. ಒಂದು ಶುಕ್ರವಾರದ ಪಾಠ ಸಮಾಧಾನ ಮಾಡಿಕೊಳ್ಳುವುದರ ಬಗ್ಗೆ. ಕಾಣಿಕೆ ಅರ್ಪಿಸುವ ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗಬೇಕೆಂಬ ಭಾಗವನ್ನು ನಮ್ಮವರು ಎಷ್ಟು ಚೆನ್ನಾಗಿ ವಿವರಿಸಿದರೆಂದರೆ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಆಗ ಹೊಸದಾಗಿ ಬರುತ್ತಿದ್ದ ಒಬ್ಬ ತಂಗಿ, ಬಟ್ಟೆ ಹೊಲಿಯುವವಳು, ಏನೂ ತಿಳಿಯದೆ ಕೇಳಿಬಿಟ್ಟಳು:

"ಬ್ರದರ್, ನಿಮಗೆ ಯಾರಾದ್ರೂ ಅಣ್ಣತಮ್ಮಂದ್ರು ಇದಾರಾ?"

ಹಳಬರೆಲ್ಲ ಫ್ಯಾನು ನೋಡತೊಡಗಿದರು.

"ಒಬ್ಬ ಇದಾನೆ" ಎಂದರು ನಮ್ಮವರು. "ಆದ್ರೆ ಅದು ಆಡಳಿತದ ವಿಚಾರ."

ಆಡಳಿತದ ವಿಚಾರಗಳಿಗೆ ಸುವಾರ್ತೆ ಅನ್ವಯಿಸುವುದಿಲ್ಲವೆಂದು ಆ ದಿನ ನಮಗೆಲ್ಲ ತಿಳಿಯಿತು.

ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ, ಲೆಂಟ್ ಕಾಲ, ಬಂದಾಗ ಅಯ್ಯನವರು ಮೂರನೇ ವೃತ್ತಕ್ಕೆ ಕೈ ಹಾಕಿದರು. ಈಸ್ಟರಿನ ಹಿಂದಿನ ಪವಿತ್ರ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ, ಪ್ರತಿ ವರ್ಷ ಅಯ್ಯನವರೊಬ್ಬರೇ ನಾಲ್ಕು ಜನರ ಕಾಲಿಗೆ ನೀರು ಚಿಮುಕಿಸಿ ಮುಗಿಸುವುದು ನಮ್ಮ ರೂಢಿ. ಈ ಸಲ ಹನ್ನೆರಡು ನಾಯಕರು ಹನ್ನೆರಡು ಸಭಿಕರ ಕಾಲು ತೊಳೆಯಬೇಕು, ತಮಿಳು, ಇಂಗ್ಲಿಷ್, ಕನ್ನಡ ಮೂರೂ ಸಭೆಗಳು ಒಟ್ಟಿಗೆ ಸೇರಬೇಕು, ಎಲ್ಲವೂ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗಬೇಕು ಎಂದು ತೀರ್ಮಾನವಾಯಿತು. ಇದಕ್ಕಾಗಿ ಕಮಿಟಿಯಲ್ಲಿ ದೊಡ್ಡ ರಂಪವೇ ಆಯಿತು. ಕಾಲು ತೊಳೆಯುವವರ ಪಟ್ಟಿಗೆ ಸೇರಲು ನಾ ಮುಂದು ತಾ ಮುಂದು ಎಂದು ನುಗ್ಗಿದರು, ಏಕೆಂದರೆ ಕ್ಯಾಮೆರಾ ಇರುವುದು ತೊಳೆಯುವವರ ಮುಖದ ಕಡೆ. ತೊಳೆಸಿಕೊಳ್ಳಲು ಯಾರೂ ಸಿಗಲಿಲ್ಲ. ಅಂಥವರನ್ನು ಫೋನು ಮಾಡಿ, ಮನೆಗೆ ಹೋಗಿ, ಕಾಲು ಹಿಡಿದು ಒಪ್ಪಿಸಬೇಕಾಯಿತು.

ಬೋಗುಣಿಗಳನ್ನು ಕೊಳ್ಳುವ ಕೆಲಸ ನಮ್ಮವರಿಗೆ ಬಂತು. ಪ್ಲಾಸ್ಟಿಕ್ಕಿನದು ವಿಡಿಯೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಹಿತ್ತಾಳೆಯದೇ ಬೇಕು ಎಂದಿದ್ದರು ಅಯ್ಯನವರು. ಒಂದು ಶನಿವಾರ ನಾನೂ ಜೊತೆಗೆ ಶಿವಾಜಿನಗರಕ್ಕೆ ಹೋದೆ. ಪಾತ್ರೆಯಂಗಡಿಯ ಸಾಹೇಬರು, ಬಿಳಿ ಗಡ್ಡದ ಹಿರಿಯರು, ಹನ್ನೆರಡೂ ಬೋಗುಣಿಗಳನ್ನು ಒಂದರೊಳಗೊಂದು ಇಡುತ್ತ ಕೇಳಿದರು.

"ಶಾದಿಗಾ ಸಾಬ್?"

"ಇಲ್ಲ, ಚರ್ಚಿಗೆ. ಕಾಲು ತೊಳೆಯೋದಕ್ಕೆ."

"ಅಚ್ಛಾ. ನಾವೂ ದಿನಾ ಐದ್ ಸಲ ತೊಳೀತೀವಿ."

"ನಿಮ್ಮ ಥರ ಅಲ್ಲ. ನಾವು ಬೇರೆಯವರ ಕಾಲು ತೊಳೆಯೋದು" ಎಂದರು ನಮ್ಮವರು, ಸ್ವಲ್ಪ ಎದೆ ಮುಂದೆ ಮಾಡಿ.

ಸಾಹೇಬರಿಗೆ ಅದು ಹಿಡಿಸಿತು. "ಬಹುತ್ ಅಚ್ಛಾ. ದಿನಾ ತೊಳೀತೀರಾ?"

"ವರ್ಷಕ್ಕೆ ಒಂದ್ಸಲ."

ಸಾಹೇಬರು ಬೋಗುಣಿಗಳಿಗೆ ಸುತ್ತುವ ಪೇಪರ್ ಹುಡುಕುತ್ತ ಒಳಗೆ ಹೋದರು.

ಬುಧವಾರ ರಿಹರ್ಸಲ್ ಇತ್ತು. ಮಂಡಿಯೂರಲು ಬಾರದ ನಾಯಕರಿಗೆ ಕುಶನ್ನು, ನೀರು ಬಿಸಿ ಮಾಡಲು ಗೀಸರಿನ ವ್ಯವಸ್ಥೆ, ಹೊಸ ಟರ್ಕಿ ಟವೆಲ್ಲುಗಳು. ಕಾಲು ತೊಳೆಸಿಕೊಳ್ಳುವವರಲ್ಲಿ ಒಬ್ಬಾಕೆ ಕಮ್ಮನಹಳ್ಳಿಯ ಪಾರ್ಲರಿಗೆ ಹೋಗಿ ಪೆಡಿಕ್ಯೂರ್ ಮಾಡಿಸಿಕೊಂಡು ಬಂದಿದ್ದರು. ಉಳಿದವರಿಗೂ ಮನೆಯಿಂದ ಹೊರಡುವಾಗ ಸೋಪು ಹಾಕಿ ಕಾಲು ತೊಳೆದುಕೊಂಡು ಬರಬೇಕೆಂದು ವಾಟ್ಸಾಪ್ ಗುಂಪಿನಲ್ಲಿ ಸೂಚನೆ ಹೋಯಿತು. ಹೀಗಾಗಿ ಕಂಟೋನ್ಮೆಂಟಿನಲ್ಲೇ ಅತ್ಯಂತ ಶುಭ್ರವಾದ ಕಾಲುಗಳನ್ನು ನಾವು ಮತ್ತೆ ತೊಳೆಯುವುದೆಂದಾಯಿತು. ಕೊನೆಯ ಪ್ರಾರ್ಥನೆ ನಮ್ಮವರದಾದ್ದರಿಂದ ಅವರ ಜುಬ್ಬಕ್ಕೆ ಕಾಲರ್ ಮೈಕು ಸಿಕ್ಕಿಸಬೇಕು, ಪ್ರಾರ್ಥನೆಯ ಹೊತ್ತಿಗೆ ಅದನ್ನು ಚಾಲೂ ಮಾಡಬೇಕು ಎಂದೂ ಗೊತ್ತಾಯಿತು.

ಗುರುವಾರ ಮಧ್ಯಾಹ್ನ ಭಾರಿ ಮಳೆ ಬಂತು. ಸಂಜೆ ಆರಾಧನೆ ಶುರುವಾದಾಗ ಹನ್ನೆರಡು ಕುರ್ಚಿಗಳಲ್ಲಿ ಹನ್ನೊಂದು ತುಂಬಿದ್ದವು. ಇಂಗ್ಲಿಷ್ ಸಭೆಯಿಂದ ಬರಬೇಕಿದ್ದ ಟೆಕ್ಕಿಯೊಬ್ಬ ಮಹದೇವಪುರದಲ್ಲಿ ಮೊಣಕಾಲುದ್ದದ ನೀರಿನಲ್ಲಿ ಕ್ಯಾಬಿನೊಳಗೆ ಸಿಕ್ಕಿಹಾಕಿಕೊಂಡಿದ್ದ. ಇಂಗ್ಲಿಷ್ ಸಭೆಯ ಮೇಲ್ವಿಚಾರಕರು ಗಡಿಬಿಡಿಯಿಂದ ಬೆಂಚುಗಳ ನಡುವೆ ಓಡಾಡಿ, ತುದಿಯಲ್ಲಿ ಒಬ್ಬನೇ ಕೂತಿದ್ದ ಒಬ್ಬ ಗಂಡಸನ್ನು ಭುಜ ಹಿಡಿದು ಎಬ್ಬಿಸಿದರು. ಆತ ಬೇಡ ಬೇಡವೆಂದು ತಲೆಯಾಡಿಸಿದ. ಅವರು ಬಿಡಲಿಲ್ಲ. ನಾನೂ ಅತ್ತೆಯೂ ಮೂರನೇ ಸಾಲಿನಲ್ಲಿ ಕೂತಿದ್ದೆವು. ಆತ ಕುಂಟುತ್ತ ಬಂದು ಕೊನೆಯ ಕುರ್ಚಿಯಲ್ಲಿ ಕೂತಾಗಲೇ ನನಗೆ ಗೊತ್ತಾದದ್ದು, ಅದು ನನ್ನ ಮೈದುನ ಎಂದು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು.

ಕೊನೆಯ ಕುರ್ಚಿ ನಮ್ಮವರ ಪಾಲಿನದು. ಅವರು ತಲೆ ತಗ್ಗಿಸಿ, ರಿಹರ್ಸಲಿನಲ್ಲಿ ಕಲಿತ ಹಾಗೆ ಬೋಗುಣಿ ಹಿಡಿದು, ನಿಧಾನವಾಗಿ ನಡೆದುಬಂದು ಮಂಡಿಯೂರಿದರು. ಆಮೇಲೆ ತಲೆ ಎತ್ತಿದರು.

ಸೌಂಡ್ ಸಿಸ್ಟಮ್ ನೋಡಿಕೊಳ್ಳುತ್ತಿದ್ದವನು ಮೈಕನ್ನು ಚಾಲೂ ಮಾಡಿಯೇ ಇಟ್ಟಿದ್ದನೆಂಬುದು ಆಗ ನಮಗೆಲ್ಲ ತಿಳಿಯಿತು.

"ಬೇಡ, ಬಿಡು" ಎಂದಿತು ಮೈದುನನ ದನಿ, ಎಂಟೂ ಸ್ಪೀಕರುಗಳಿಂದ. "ನೀರು ಮುಟ್ಟಿಸಿದ ಹಾಗೆ ಮಾಡಿ ಎದ್ಹೋಗು."

"ಕಾಲು ಕೊಡು."

"ಬೇಡ ಅಂದ್ನಲ್ಲ."

"ಎಲ್ರೂ ನೋಡ್ತಿದಾರೆ. ಕೊಡೋ ಕಾಲು!"

ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂದರು. ಕೀಬೋರ್ಡ್ ನುಡಿಸುತ್ತಿದ್ದವನು ಸಮಯಪ್ರಜ್ಞೆಯಿಂದ ವಾಲ್ಯೂಮ್ ಏರಿಸಿದ, ಆದರೂ ಮಾತು ಅದರ ಮೇಲೇ ಕೇಳುತ್ತಿತ್ತು. ನಮ್ಮವರು ತಮ್ಮನ ಬಲಗಾಲಿನ ದಪ್ಪ ಚಪ್ಪಲಿ ಬಿಚ್ಚಿ, ಕಾಲುಚೀಲ ಎಳೆದರು.

"ಇದೇನೋ ಇದು? ಬೆರಳೆಲ್ಲೋ?"

"ತೆಗೆದ್ಬಿಟ್ರು."

"ಯಾವಾಗ?"

"ಕ್ರಿಸ್‌ಮಸ್ಸಿಗೆ ಮುಂಚೆ. ಶುಗರ್ರು."

"ನಂಗ್ಯಾಕೋ ಹೇಳ್ಲಿಲ್ಲ?"

"ಹೇಗ್ ಹೇಳ್ಲಿ? ಫೋನಲ್ಲಿ ನನ್ನ ಬ್ಲಾಕ್ ಮಾಡಿದೀಯಲ್ಲ."

ಇದನ್ನು ಕನ್ನಡ ಸಭೆ ಕೇಳಿತು, ತಮಿಳು ಸಭೆ ಕೇಳಿತು, ಇಂಗ್ಲಿಷ್ ಸಭೆಯಲ್ಲಿ ಕನ್ನಡ ಬಾರದವರಿಗೆ ಪಕ್ಕದವರು ಅನುವಾದ ಮಾಡಿದರು. ಗಾಯನ ಮಂಡಳಿಯಲ್ಲಿ ನಿಂತಿದ್ದ ನಮ್ಮ ಮಗಳು ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ಸೌಂಡಿನವನು ಆ ಹೊತ್ತಿಗೆ ಬಟನ್ನು ಹುಡುಕಿರಬೇಕು, ಅದರ ನಂತರ ಅಣ್ಣತಮ್ಮಂದಿರ ತುಟಿಗಳು ಆಡುವುದಷ್ಟೇ ಕಂಡಿತು. ಎಡಗಾಲಿಗೆ ಪಟ್ಟಿ ಕಟ್ಟಿತ್ತು. ಅದನ್ನು ಮುಟ್ಟಬೇಡವೆಂದು ಮೈದುನ ಕೈಯಾಡಿಸುತ್ತಿದ್ದ.

ಉಳಿದ ಹನ್ನೊಂದು ನಾಯಕರು ತೊಳೆದು, ಒರೆಸಿ, ಬೋಗುಣಿ ಎತ್ತಿಕೊಂಡು ಸಾಲಾಗಿ ನಿಂತರೂ ನಮ್ಮವರು ಏಳಲಿಲ್ಲ. ಬಲಗಾಲನ್ನು ತೊಳೆದರು. ಟವೆಲ್ಲಿನ ತುದಿಯಿಂದ ಉಳಿದ ಬೆರಳುಗಳ ಸಂದಿಯಲ್ಲೆಲ್ಲ ಒಂದೊಂದಾಗಿ ಒರೆಸಿದರು. ಕಾಲನ್ನು ಎತ್ತಿ ಹಿಮ್ಮಡಿ ನೋಡಿದರು, ಅಂಗಾಲು ನೋಡಿದರು. ಕಾರ್ಖಾನೆಯಲ್ಲಿ ಯಾರಿಗಾದರೂ ಪೆಟ್ಟಾದರೆ ಮೊದಲು ಓಡಿಹೋಗುತ್ತಿದ್ದವರು ಅವರೇ ಎಂಬುದು ನನಗೆ ಅಷ್ಟು ವರ್ಷಗಳಲ್ಲಿ ಮರೆತೇಹೋಗಿತ್ತು. ಅಯ್ಯನವರು ಎರಡು ಸಲ ಕೆಮ್ಮಿದರು. ನಮ್ಮವರು ಅತ್ತರೆಂದು ಆಮೇಲೆ ಸಭೆಯಲ್ಲೆಲ್ಲ ಸುದ್ದಿಯಾಯಿತು. ಸುಳ್ಳು. ಅಳಲಿಲ್ಲ. ಕೋಪ ಬಂದಾಗ ಆಗುವ ಹಾಗೆ ಅವರ ಕಿವಿ ಕೆಂಪಾಗಿತ್ತು. ಕೊನೆಯ ಪ್ರಾರ್ಥನೆಯ ಸರದಿ ಬಂದಾಗ ಎದ್ದು ನಿಂತು, ಜುಬ್ಬದಿಂದ ಮೈಕು ಕಿತ್ತು ಅಯ್ಯನವರ ಕೈಗೆ ಕೊಟ್ಟು, "ನೀವೇ ಮಾಡಿ" ಎಂದು ಹೇಳಿ ಬಂದು ನನ್ನ ಪಕ್ಕ ಕೂತರು.

ಆರಾಧನೆ ಮುಗಿದು ಹುಡುಕುವಷ್ಟರಲ್ಲಿ ಮೈದುನ ಆಟೋ ಹತ್ತಿ ಹೋಗಿಯಾಗಿತ್ತು. ಬಾಗಿಲಲ್ಲಿ ಅಯ್ಯನವರು ನಮ್ಮವರ ಎರಡೂ ಕೈ ಹಿಡಿದುಕೊಂಡರು.

"ಎಂಥ ಸಾಕ್ಷಿ ಬ್ರದರ್! ಲೈವ್‌ನಲ್ಲಿ ನೋಡಿದವರೆಲ್ಲ ಮೆಸೇಜ್ ಹಾಕ್ತಿದಾರೆ. ಈಸ್ಟರ್ ದಿನ ನೀವು ಇದನ್ನ ವೇದಿಕೆ ಮೇಲೆ ಬಂದು ಹೇಳ್ಬೇಕು. ನಿಮ್ಮ ತಮ್ಮನ್ನೂ ಕರೀರಿ."

"ಅವನಿಗೆ ಮೆಟ್ಲು ಹತ್ತೋಕಾಗಲ್ಲ ಅಯ್ಯನವ್ರೇ."

"ರ‍್ಯಾಂಪ್ ಹಾಕಿಸ್ತೀವಿ!"

ನಮ್ಮವರು ಕೈ ಬಿಡಿಸಿಕೊಂಡು ಮೆಟ್ಟಿಲಿಳಿದರು. ಮನೆಗೆ ಹೋಗುವ ಕ್ಯಾಬು ಟಿನ್ ಫ್ಯಾಕ್ಟರಿ ದಾಟಿತು. ಆಮೇಲೆ ಅವರು ಮುಂದಿನ ಸೀಟಿನಿಂದಲೇ ತಾಯಿಯನ್ನು ಕೇಳಿದರು.

"ಅಮ್ಮ, ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ದಿನಾ ಮಧ್ಯಾಹ್ನ ಫೋನ್ ಮಾಡ್ತಾನೆ ನಂಗೆ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂದಿದ್ದ. ನೀನಾಗೇ ಕೇಳಿದ್ರೆ ಹೇಳೋಣ ಅಂತಿದ್ದೆ. ನೀನು ಕೇಳ್ಲಿಲ್ಲ. ಅಧ್ಯಾಯ ಓದಿದ್ಯಾ ಅಂತ ದಿನಾ ಕೇಳ್ದೆ. ತಮ್ಮ ಹೇಗಿದಾನೆ ಅಂತ ಒಂದಿನ ಕೇಳಿದ್ಯಾ?" ಅತ್ತೆ ಸೆರಗು ಸರಿಮಾಡಿಕೊಂಡರು. "ದೇವ್ರಿಗಾದ್ರೂ ಹೇಳೋಣ ಅಂತ ಪ್ರಾರ್ಥನೇಲಿ ಅವನ ಹತ್ರ ಬರೋ ಹೊತ್ತಿಗೆ ನಿನ್ ಬಾತುಕೋಳಿ ಕೂಗ್ತಿತ್ತು."

ಕ್ಯಾಬಿನ ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ಅತ್ತೆಯನ್ನು ನೋಡಿದ. ನಮ್ಮವರು ಫೋನು ತೆಗೆದು ಬಹಳ ಹೊತ್ತು ಏನೋ ಒತ್ತುತ್ತಿದ್ದರು. ಬ್ಲಾಕ್ ಮಾಡುವುದು ಗೊತ್ತಿತ್ತು, ತೆಗೆಯುವುದು ಗೊತ್ತಿರಲಿಲ್ಲ. ಕೊನೆಗೆ ಮಗಳ ಕೈಗೆ ಕೊಟ್ಟರು. ಅವಳು ತೆಗೆದುಕೊಟ್ಟಳು. ಅವಳ ಬಾಯಿಂದ ಒಂದು ಕುಹಕದ ಮಾತೂ ಬಾರದಿದ್ದದ್ದು ಆ ದಿನದ ದೊಡ್ಡ ಅದ್ಭುತವೆಂದೇ ನಾನು ತಿಳಿದಿದ್ದೇನೆ.

ಮರುದಿನ ಶುಭ ಶುಕ್ರವಾರ. ಶಿಲುಬೆಯ ಮೇಲಿನ ಮಾತುಗಳನ್ನು ಧ್ಯಾನಿಸುವ ಮೂರು ತಾಸಿನ ಆರಾಧನೆ. ನಮ್ಮವರು ಅದನ್ನು ತಪ್ಪಿಸಿದ್ದನ್ನು ನಾನು ನೋಡೇ ಇರಲಿಲ್ಲ. ಅಂದು ಬೆಳಿಗ್ಗೆ ಅವರು ಬಿಳಿ ಅಂಗಿ ಹಾಕಿಕೊಂಡು ಹೊರಟು, ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ, ಹಲಸೂರಿನಲ್ಲಿ ಇಳಿದರು. ತಮ್ಮನ ಮನೆಯಲ್ಲಿ ಏನಾಯಿತೆಂದು ನನಗೆ ಹೇಳಿದವಳು ಓರಗಿತ್ತಿ. ಅಣ್ಣ ಬಂದು ನಿಂತಾಗ ತಮ್ಮ ಟಿವಿಯಿಂದ ಕಣ್ಣು ತೆಗೆಯದೆ, "ಏನು, ಓಟು ಕೇಳೋಕೆ ಬಂದ್ಯಾ?" ಎಂದನಂತೆ. ಇವರು ನೆಲದ ಮೇಲೆ ಕೂತು, "ಆ ಎಡಗಾಲಿನ ಪಟ್ಟಿ ಕಟ್ಟಿದವರ‍್ಯಾರು? ಇಷ್ಟು ಬಿಗಿಯಾಗಿ ಕಟ್ತಾರಾ?" ಎಂದು ಕೇಳಿದರಂತೆ. ಕಟ್ಟಿದವಳು ಓರಗಿತ್ತಿಯೇ. ಅವಳು ಶಾಲೆಯ ಟೀಚರು, ಬೆಳಗಾಗುವ ಮೊದಲೇ ಎದ್ದು ಅಡುಗೆ ಮಾಡಿ, ಗಂಡನ ಗಾಯ ತೊಳೆದು ಕಟ್ಟಿ, ಓಡಬೇಕು. "ನಂಗೆ ರಕ್ತ ಕಂಡ್ರೆ ತಲೆ ತಿರುಗತ್ತೆ ಅಕ್ಕಾ, ಕಣ್ಣು ಅರ್ಧ ಮುಚ್ಕೊಂಡೇ ಕಟ್ತಿದ್ದೆ" ಎಂದಳು ನನಗೆ. ಅಷ್ಟು ವರ್ಷಗಳ ನಂತರ ನಾವಿಬ್ಬರೂ ಫೋನಿನಲ್ಲಿ ಮಾತಾಡಿದ್ದು ಅವತ್ತೇ. ಒಲೆಯ ಮೇಲಿಟ್ಟಿದ್ದ ನನ್ನ ಸಾರು ಬತ್ತಿಹೋಯಿತು.

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಪಟ್ಟಿ ಕಟ್ಟುವ ಕೆಲಸ ನಮ್ಮವರದಾಯಿತು. ಕ್ಲಿನಿಕ್ಕಿನ ನರ್ಸಿನ ಹತ್ತಿರ ಹೋಗಿ ಸರಿಯಾಗಿ ಕಲಿತು ಬಂದರು. ಬೆಳಗಿನ ಐದೂವರೆಗೆ ಅವರು ಏಳುತ್ತಿದ್ದದ್ದು ನಿಜ, ಆದರೆ ನಮ್ಮನ್ನು ಎಬ್ಬಿಸದೆ ಮೆಟ್ರೋಗೆ ಹೊರಟುಬಿಡುತ್ತಿದ್ದರು. ಹೀಗೆ ನಮ್ಮ ಕುಟುಂಬ ಪ್ರಾರ್ಥನೆ ನಿಂತುಹೋಯಿತು. ಯಾರೂ ಅದನ್ನು ನಿಲ್ಲಿಸಲಿಲ್ಲ, ನಿಂತಿದೆಯೆಂದು ಕೆಲವು ದಿನ ಯಾರಿಗೂ ಹೊಳೆಯಲೂ ಇಲ್ಲ. ಕ್ಲಿನಿಕ್ಕಿಗೆ ಕರೆದೊಯ್ಯುವ ದಿನ ಶುಕ್ರವಾರವಾದ್ದರಿಂದ ಮನೆಕೂಟಕ್ಕೂ ಅವರಿಲ್ಲ. ಕೂಟವನ್ನು ಹೊಲಿಗೆಯ ತಂಗಿಯೇ ನಡೆಸತೊಡಗಿದಳು. ಪಾಠ ಬೇಗ ಮುಗಿಸುತ್ತಿದ್ದಳು, ಉಪ್ಪಿಟ್ಟು ಬಿಸಿಯಾಗಿಯೇ ಖರ್ಚಾಗುತ್ತಿತ್ತು.

ಈಸ್ಟರಿನಲ್ಲಿ ಇವರು ವೇದಿಕೆ ಹತ್ತದಿದ್ದದ್ದಕ್ಕೆ ಅಯ್ಯನವರಿಗೆ ಬೇಸರವಾಗಿತ್ತು. ಮನೆಕೂಟಕ್ಕೂ ಶನಿವಾರದ ನಾಯಕರ ತರಗತಿಗೂ ನಮ್ಮವರು ಕಾಣದೇ ಹೋದಾಗ ಒಂದು ಸಂಜೆ ಫೋನು ಮಾಡಿದರು. ನಮ್ಮವರು ಸ್ಪೀಕರಿನಲ್ಲಿಟ್ಟು ಬೂಟಿನ ಲೇಸು ಬಿಚ್ಚುತ್ತಿದ್ದರು.

"ಬ್ರದರ್, ನಿಮ್ಮ ಸಭಾ ಜೀವನದಲ್ಲಿ ಸ್ವಲ್ಪ ಇಳಿತ ಕಾಣ್ತಿದೆ."

"ಹೌದು ಅಯ್ಯನವ್ರೇ."

"ಮೊದಲಿನ ಉರಿ ಇಲ್ಲ. ಏನಾದ್ರೂ ಆತ್ಮಿಕ ಹೋರಾಟ ಇದೆಯಾ? ನಾನು ಪ್ರಾರ್ಥನೆ ಮಾಡ್ಲಾ?"

"ತಮ್ಮನ ಗಾಯ ಇನ್ನೂ ಒಣಗಿಲ್ಲ. ಅದಕ್ಕೆ ಮಾಡಿ."

"ಖಂಡಿತ ಮಾಡೋಣ. ಆದ್ರೆ ತರಗತಿ ತಪ್ಪಿಸಿದ್ರೆ ಸರ್ಟಿಫಿಕೇಟ್ ಕೊಡೋಕಾಗಲ್ಲ, ಹಾಜರಾತಿ ಬೇಕೇ ಬೇಕು. ನಿಮಗೊಬ್ಬರಿಗೆ ವಿನಾಯಿತಿ ಕೊಟ್ರೆ ಉಳಿದವರು ಏನಂತಾರೆ?"

ಮೊದಲಿನ ಮನುಷ್ಯನಾಗಿದ್ದರೆ ಆ ಸರ್ಟಿಫಿಕೇಟಿಗಾಗಿ ಕಮಿಟಿಯಲ್ಲಿ ನಿರ್ಣಯವನ್ನೇ ಮಂಡಿಸುತ್ತಿದ್ದರು. ಈಗ "ಸರಿ" ಎಂದು ಫೋನಿಟ್ಟು, ಬಚ್ಚಲಿಗೆ ಹೋದರು. ಅವರ ಬೆರಳುಗಳಲ್ಲಿ ಆಸ್ಪತ್ರೆಯ ಕಂದು ಔಷಧದ ಕಲೆ ಹೋಗುತ್ತಲೇ ಇರಲಿಲ್ಲ.

ತರಬೇತಿ ಮುಗಿದ ಭಾನುವಾರ ಹನ್ನೊಂದು ನಾಯಕರಿಗೆ ಶಾಲು, ಹಾರ, ಫ್ರೇಮು ಹಾಕಿದ ಸರ್ಟಿಫಿಕೇಟು ಎಲ್ಲ ಸಿಕ್ಕಿತು. ಒಬ್ಬೊಬ್ಬರೂ ಹೆಂಡತಿ ಮಕ್ಕಳ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಪ್ರಸಂಗದಲ್ಲಿ ಅಯ್ಯನವರು, ಚೆನ್ನಾಗಿ ಆರಂಭಿಸಿ ನಡುವೆ ಕೈಬಿಡುವವರ ಬಗ್ಗೆ ದುಃಖದಿಂದ ಮಾತಾಡಿದರು. ಹೆಸರು ಹೇಳಲಿಲ್ಲ, ನಮ್ಮ ಬೆಂಚಿನ ಕಡೆ ನೋಡಿದರು. ಬೆಂಚಿನಲ್ಲಿ ಇದ್ದದ್ದು ನಾನು ಮತ್ತು ಅತ್ತೆ. ಅತ್ತೆ ಕಿವಿಯ ಮಿಷನ್ನು ತೆಗೆದು ಪರ್ಸಿನೊಳಗೆ ಹಾಕಿಕೊಂಡರು.

ಇದರಿಂದ ಅಣ್ಣತಮ್ಮಂದಿರು ತಬ್ಬಿಕೊಂಡು ಬಾಳಿದರೆಂದು ಯಾರೂ ತಿಳಿಯಬಾರದು. ಎಡಗಾಲಿನ ಗಾಯ ಮಳೆಗಾಲದ ಕೊನೆಯ ಹೊತ್ತಿಗೆ ಮಾಗಿತು, ಆ ಕಾಲಿನ ಬೆರಳುಗಳು ಉಳಿದುಕೊಂಡವು. ಆದರೆ ಮಾತು ಶುರುವಾದ ಮೇಲೆ ಜಗಳವೂ ಶುರುವಾಯಿತು. ದಿನಾ ಜಗಳ. ಬೆಳಿಗ್ಗೆ ಇಡ್ಲಿ ತಿಂದದ್ದಕ್ಕೆ ಅಣ್ಣ ಬೈಯುವುದು, ಕಮಿಟಿ ಪಾರ್ಕಿಂಗಿಗೆ ಮರ ಕಡಿಸಿದ್ದಕ್ಕೆ ತಮ್ಮ ಬೈಯುವುದು. ಗಾಯ ಇನ್ನೂ ಮಾಗದಿದ್ದಾಗ ಒಂದು ದಿನ ಪಟ್ಟಿ ಸುತ್ತುತ್ತಿರುವಾಗಲೇ ಆ ಹಳೆಯ ವ್ಯಾನಿನ ಮಾತು ಬಂತಂತೆ. ವ್ಯಾನು ಯಾರದೆಂದು ಇಬ್ಬರೂ ಕೂಗಾಡಿ, ನಮ್ಮವರು ಸುತ್ತಿದ್ದನ್ನು ಹಾಗೇ ಬಿಟ್ಟು, "ನಿನ್ ಕಾಲು ನೀನೇ ಕಟ್ಕೋ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರಂತೆ. ಓರಗಿತ್ತಿ ಆಗಲೇ ಶಾಲೆಗೆ ಹೊರಡಲು ಬಾಗಿಲಲ್ಲಿ ನಿಂತಿದ್ದಳು, ಅವಳು ಕರೆದರೂ ತಿರುಗಿ ನೋಡಲಿಲ್ಲ. ಹಲಸೂರು ಮೆಟ್ರೋ ಸ್ಟೇಷನ್ನಿನವರೆಗೆ ಬಿರಬಿರನೆ ನಡೆದು, ಕಾರ್ಡು ತಟ್ಟಿ ಒಳಗೆ ಹೋಗಿ, ಪ್ಲಾಟ್‌ಫಾರ್ಮಿನಲ್ಲಿ ನಿಂತರಂತೆ. ರೈಲು ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಇವರು ಹತ್ತಲಿಲ್ಲ. ಪಟ್ಟಿಯ ತುದಿಗೆ ಅಂಟುಟೇಪು ಹಾಕಿರಲಿಲ್ಲ, ಬಿಚ್ಚಿಕೊಂಡು ಕಾಲಿಗೆ ಸಿಕ್ಕಿ ಬಿದ್ದರೆ ಏನು ಗತಿ ಎಂದು ಅನ್ನಿಸಿತಂತೆ. ಇದನ್ನು ಅವರೇ ನನಗೆ ಹೇಳಿದ್ದು, ಅದೂ ಸುರಕ್ಷತಾ ವಿಭಾಗದ ಮನುಷ್ಯ ಹೇಳುವ ಹಾಗೆ, ಅದರಲ್ಲಿ ಬೇರೇನೂ ಇಲ್ಲವೆಂಬಂತೆ.

ವಾಪಸು ಹೋದಾಗ ತಮ್ಮ ಕದಲದೆ ಅದೇ ಕುರ್ಚಿಯಲ್ಲಿ, ಕಾಲನ್ನು ಮಣೆಯ ಮೇಲೆ ಚಾಚಿಕೊಂಡು, ಬಿಚ್ಚಿದ ಪಟ್ಟಿಯ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದನಂತೆ.

"ಬಂದ್ಯಾ? ಟೀ ಆರಿಹೋಗ್ತಿದೆ" ಎಂದನಂತೆ. "ವ್ಯಾನು ಮಾತ್ರ ನಿಂದೇ."

ನಮ್ಮವರು ಕೂತು ಟೇಪು ಹಚ್ಚಿದರಂತೆ.